ಓದಪ್ಪನ ಕಪಾಟು

ನೀಲಿ ಅಂಗಿಯನ್ನು ಎಳೆದರೆ ಅದರ ಬೆನ್ನಿಗೇ ಮೈಕೂ ಹೊರಗೆ ಬಂತು. ವಯರು ಹ್ಯಾಂಗರಿನ ಕೊಕ್ಕೆಗೆ ಸುತ್ತಿಕೊಂಡಿತ್ತು. ಮೈಕಿನ ತಲೆಗೆ ಬೂದು ಬಣ್ಣದ ಕಾಲುಚೀಲ ತೊಡಿಸಿತ್ತು. ಹೆಂಡತಿ ಇನ್ನೊಮ್ಮೆ ಜಗ್ಗಿದಳು. ಕಪಾಟಿನ ಒಳಗೆಲ್ಲೋ ಏನೋ ಟಪ್ಪೆಂದು ಕಿತ್ತುಬಂತು.

"ಜಗ್ಗಬೇಡಕ್ಕಾ ಅಂದೆನೋ ಇಲ್ವೋ? ಈಗ ಕಿತ್ತೋಯ್ತಾ? ಅಲ್ಲ, ಮೈಕಿಗ್ಯಾಕೆ ಕಾಲುಚೀಲ? ಅದಕ್ಕೇನು ನೆಗಡಿನಾ? ಇದರ ಜೋಡಿ ಎಲ್ಲಿ?"

ಕೇಳಿದವನು ಆಕೆಯ ತಮ್ಮ. ಪ್ರಶ್ನೆಯಾಗದೆ ಅವನ ಬಾಯಿಂದ ಹೊರಬಿದ್ದ ಮಾತನ್ನು ಈವರೆಗೆ ಯಾರೂ ಕೇಳಿದ್ದಿಲ್ಲ.

"ಜೋಡಿ ನನ್ನ ಹತ್ರ ಇದೆ," ಎಂದಳು ಆಕೆ. "ಇದನ್ನ ಬಟ್ಟೆ ಒಗೆಯೋ ಮೆಷೀನು ನುಂಗಿಬಿಡ್ತು ಅಂತ ಅದಕ್ಕೆ ಒದ್ದಿದ್ದೆ. ಪಾಪ ಮೆಷೀನು."

ಕಪಾಟು ಮಲಗುವ ಕೋಣೆಯ ಒಂದು ಗೋಡೆಯನ್ನೇ ಆವರಿಸಿಕೊಂಡಿತ್ತು. ಎಡಗಡೆ ಗಂಡನ ಬಟ್ಟೆ, ಬಲಗಡೆ ಆಕೆಯ ಕೋಟುಗಳು. ನಡುವೆ, ಕೋಟುಗಳ ತೋಳುಗಳು ಭುಜ ಸವರುವಂಥ ಜಾಗದಲ್ಲಿ, ಒಂದು ಕುಳ್ಳ ಸ್ಟೂಲು. ಎದುರಿಗೆ ಪುಸ್ತಕವಿಡುವ ಹಲಗೆ, ಪುಟ್ಟ ದೀಪ. ತೂಗುಹಾಕಿದ ಬಟ್ಟೆಗಳು ಸದ್ದನ್ನು ಕುಡಿದುಬಿಡುತ್ತವೆ, ಬೀದಿಯ ಹಾರ್ನು ರೆಕಾರ್ಡಿಂಗಿಗೆ ನುಗ್ಗುವುದಿಲ್ಲ ಎಂದು ಅವನು ಸ್ಟುಡಿಯೋ ಮಾಡಿಕೊಂಡಿದ್ದು ಇಲ್ಲೇ. ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದಾಗ ಸಂಜೆಗಳನ್ನೂ, ನಿವೃತ್ತನಾದ ಮೇಲೆ ಹಗಲುಗಳನ್ನೂ ಈ ಬಟ್ಟೆಗಳ ನಡುವೆ ಕಳೆದ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಇಡೀ ಇಡೀ ಪಠ್ಯಪುಸ್ತಕಗಳನ್ನು ಓದಿ ದನಿಮುದ್ರಿಸಿದ. ಅವರು ಅವನಿಗಿಟ್ಟ ಹೆಸರು ಓದಪ್ಪ. ಕರೆದರೂ ಆಯಿತು, ಕೆಲಸ ಹೇಳಿದರೂ ಆಯಿತು.

ಮೊನ್ನೆ ಸಂಜೆಯೂ ಓದುತ್ತಿದ್ದ. ಓದಿದಷ್ಟನ್ನು ವಿದ್ಯಾರ್ಥಿಗೆ ಕಳಿಸಿ, ನೀರು ಕುಡಿಯಲು ಎದ್ದು ಅಡುಗೆಮನೆಗೆ ಬಂದವನು ಲೋಟ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತ. ಹೆಂಡತಿ ಹಿತ್ತಲಿನಿಂದ ಒಳಗೆ ಬರುವ ಹೊತ್ತಿಗೆ ಲೋಟದ ನೀರು ಹಾಗೇ ಇತ್ತು, ಅವನಿರಲಿಲ್ಲ.

"ಊರಿಗೆಲ್ಲ ಓದಿ ಹೇಳಿದ್ರು," ಎಂದಳು ಆಕೆ, ಅಂಗಿಯನ್ನು ವಯರಿನಿಂದ ಬಿಡಿಸುತ್ತ. "ಸಂಸಾರ ಮಾಡಿದ್ದು ಕಪಾಟಿನ ಜೊತೆ. ನನ್ನ ಪಾಲಿಗೆ ಬಂದ ಮಾತು ಯಾವುದು ಹೇಳು?" ಗಲ್ಲವನ್ನು ಎದೆಗೆ ಒತ್ತಿ, ಗಂಟಲನ್ನು ಸ್ವಲ್ಪ ಕೆರೆದು, ಆಕೆ ಅಂದಳು: "ಹ್ಞಾಂ... ಉಪ್ಪು ಕೊಡು."

ತಮ್ಮ ಬೆಚ್ಚಿಬಿದ್ದು, ಭಾವನನ್ನು ಮಲಗಿಸಿದ್ದ ಮುಂದಿನ ಕೋಣೆಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಮಗಳ ಕೈಯಿಂದ ಅಪ್ಪನ ಷೂ ಕೆಳಗೆ ಬಿತ್ತು. ಅದೇ ದನಿ. ಮಾತಿನ ಮೊದಲು ಅದೇ 'ಹ್ಞಾಂ', ಬಾವಿಯ ತಳದಿಂದ ಬಿಂದಿಗೆ ಮೇಲೆ ಬಂದ ಹಾಗೆ.

"ಅಮ್ಮಾ, ಹಾಗೆಲ್ಲ ಮಾಡ್ಬೇಡ," ಎಂದಳು ಮಗಳು. "ಎದೆ ಒಡೆದುಹೋಗುತ್ತೆ."

"ನನ್ನದು ಒಡೆದು ಬಹಳ ದಿನ ಆಯ್ತು ಬಿಡು. ತಗೋ ಅಂಗಿ. ಕಾಲರಿನ ಗುಂಡಿ ಹಾಕ್ಬೇಡಿ ಅಂತ ತೊಡಿಸೋರಿಗೆ ಹೇಳು, ನಿಮ್ಮಪ್ಪನಿಗೆ ಉಸಿರು ಕಟ್ಟುತ್ತೆ."

ಹೇಳಿದ ಮೇಲೆ ಆಕೆ ಮಂಚದ ಮೇಲೆ ಕೂತುಬಿಟ್ಟಳು. ಕೋಣೆಯ ಬಾಗಿಲು ಅರ್ಧ ಮುಚ್ಚಿತು.

*

ಎಷ್ಟೋ ವರ್ಷಗಳ ಹಿಂದೆ ಕಾಲೇಜಿನ ಲೈಬ್ರರಿಗೆ ಮೊದಲ ಸಲ ಬಿಳಿ ಕೋಲು ಹಿಡಿದುಬಂದ ಹುಡುಗಿ ಪುಸ್ತಕವೊಂದನ್ನು ಪಡೆದುಕೊಂಡು, ಮೇಜಿನ ಮೇಲಿಟ್ಟು, ಅದರ ರಟ್ಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಮರುದಿನವೂ ಅಷ್ಟೆ. ಮೂರನೆಯ ದಿನ ಲೈಬ್ರರಿಯನ್ ಬಂದು ಎದುರಿಗೆ ಕೂತ.

"ಯಾರಾದ್ರೂ ಬರ್ತಾರಾ ಓದೋಕೆ?"

"ಗೆಳತಿ ಬರ್ತೀನಿ ಅಂದಿದಾಳೆ."

"ಬರದಿದ್ರೆ?"

"ಪುಸ್ತಕ ತಗೊಂಡು ಕೂತಿದ್ದೆ ಅಂತ ಅಪ್ಪನಿಗೆ ಹೇಳ್ತೀನಿ. ಸುಳ್ಳಲ್ವಲ್ಲ."

ಅವನಿಗೆ ನಗು ಬಂತು. ಪುಸ್ತಕ ತೆರೆದು ಓದತೊಡಗಿದ. ಹುಡುಗಿ ಅದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡಳು. ವರ್ಷವಿಡೀ ಹಾಗೇ ನಡೆಯಿತು.

ಪರೀಕ್ಷೆಯಲ್ಲಿ ಒಂದು ದೊಡ್ಡ ಪ್ರಶ್ನೆಗೆ ಅವಳಿಗೆ ಸೊನ್ನೆ ಸಿಕ್ಕಿತು. ಲೇಖಕ ಯಾರನ್ನು ಖಂಡಿಸಲು ಇಡೀ ಪುಸ್ತಕ ಬರೆದಿದ್ದನೋ ಆ ಎದುರಾಳಿಯ ಮಾತನ್ನೇ ಲೇಖಕನ ಮಾತೆಂದು ಬರೆದಿದ್ದಳು. ಮೇಷ್ಟ್ರು ಆ ಉತ್ತರವನ್ನು ತರಗತಿಯಲ್ಲಿ ಓದಿ ಎಲ್ಲರನ್ನೂ ನಗಿಸಿದರು.

"ನೀನು ಸರಿಯಾಗಿ ಕೇಳಲಿಲ್ವಾ?" ಎಂದು ಲೈಬ್ರರಿಯನ್ ಕೇಳಿದ.

"ನೀವು ಸರಿಯಾಗಿ ಓದಲಿಲ್ಲ," ಎಂದಳು ಹುಡುಗಿ. ಆಗಲೇ ಅವಳಿಗೆ ವಕೀಲರ ಬಾಯಿ. "ಸರ್, ಪುಟದಲ್ಲಿ ಅದು ಸಣ್ಣ ಅಕ್ಷರದಲ್ಲಿ, ಗೆರೆ ಕೆಳಗೆ, ಅಡಿಟಿಪ್ಪಣಿಯಾಗಿ ಇತ್ತಂತೆ. ಕಣ್ಣಿರೋರಿಗೆ ನೋಡಿದ ಕೂಡ್ಲೆ ಗೊತ್ತಾಗುತ್ತಂತೆ. ನೀವು ಓದಿದ್ರೆ ಎಲ್ಲಾ ಒಂದೇ ಮೈದಾನ. ಎಲ್ಲಿ ಗುಡ್ಡ, ಎಲ್ಲಿ ಹಳ್ಳ, ಎಲ್ಲಿ ಬೇಲಿ, ಏನೂ ಗೊತ್ತಾಗಲ್ಲ."

ಲೈಬ್ರರಿಯನ್ ಮನೆಗೆ ಹೋಗಿ, ಊಟ ಮುಗಿಸಿ, ಮೊದಲ ಸಲ ಕಪಾಟಿನ ಒಳಗೆ ಹೋಗಿ ಕೂತ. ಮುಂದಿನ ವಾರ ಹುಡುಗಿಗೆ ಅದೇ ಪುಸ್ತಕದ ಹೊಸ ಕ್ಯಾಸೆಟ್ಟು ಸಿಕ್ಕಿತು. ಮುಖ್ಯ ಪಠ್ಯ ಅವನ ಸ್ವಂತ ದನಿಯಲ್ಲಿ, ನಿಧಾನವಾಗಿ, ತಗ್ಗಿನಲ್ಲಿ ಹರಿಯುತ್ತಿತ್ತು. ನಡುವೆ ಅಡಿಟಿಪ್ಪಣಿ ಬಂದಾಗ ಇದ್ದಕ್ಕಿದ್ದಂತೆ ಕಾಲೇಜಿನ ಪ್ರಾಂಶುಪಾಲರು ಮೂಗಿನಿಂದ ಮಾತಾಡಿದರು, ಅವರ ಒಣ ಕೆಮ್ಮಿನ ಸಮೇತ! ಹುಡುಗಿ ಹಾಸ್ಟೆಲಿನ ಮಂಚದಿಂದ ಬೀಳುವಷ್ಟು ನಕ್ಕಳು. ಮುಂದಿನ ಪರೀಕ್ಷೆಯಲ್ಲಿ ಅವಳ ಒಂದೇ ಒಂದು ಅಡಿಟಿಪ್ಪಣಿಯೂ ಜಾಗ ತಪ್ಪಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಮನೆಯ ಮುಂದಿನ ಕಾಲುದಾರಿಯಲ್ಲಿ ಬಿಳಿ ಕೋಲುಗಳ ಟಕ್ ಟಕ್ ಕೇಳಿಸತೊಡಗಿತು. ಓದುತ್ತಿರುವವರು, ಓದಿ ಮುಗಿಸಿದವರು, ಬ್ಯಾಂಕಿನಲ್ಲಿರುವವರು, ಪಾಠ ಹೇಳುವವರು ಒಬ್ಬರ ಮೊಣಕೈ ಒಬ್ಬರು ಹಿಡಿದು ದಂಡು ಕಟ್ಟಿಕೊಂಡು ಬಂದರು. ಮುಂದೆ ಇದ್ದವಳು ಆ ಮೊದಲ ಹುಡುಗಿ. ಈಗ ಕೂದಲು ನರೆತ ವಕೀಲೆ.

ತಮ್ಮ ಗಾಬರಿಯಾಗಿ ಜಗಲಿಗೆ ಓಡಿದ. "ಎಷ್ಟು ಜನ ಬಂದಿದೀರಿ? ಹೇಗೆ ಬಂದ್ರಿ? ಯಾಕೆ ಎಲ್ಲಾ ಮೆಟ್ಟಿಲ ಮೇಲೆ ನಿಂತಿದೀರಿ? ಒಳಗೆ ಯಾವಾಗ ಬರ್ತೀರಿ?"

ದಂಡಿನ ಮೇಲೆ ಗಾಳಿ ಬೀಸಿದಂತೆ ಒಂದು ಕಿಸಿಕಿಸಿ ಹಾದುಹೋಯಿತು.

"ಅಧ್ಯಾಯದ ಕೊನೆಯ ಅಭ್ಯಾಸ ಬಂತು," ಎಂದು ಯಾರೋ ಪಿಸುಗುಟ್ಟಿದರು.

"ಬೇಕಾದ ಮೂರಕ್ಕೆ ಉತ್ತರಿಸಿ," ಎಂದಿತು ಇನ್ನೊಂದು ದನಿ.

ನಗು ತಡೆಯಲು ಒಬ್ಬ ಹುಡುಗ ಕರವಸ್ತ್ರವನ್ನೇ ಬಾಯಿಗೆ ತುರುಕಿಕೊಂಡ. ಮಗಳಿಗೆ ಸಿಟ್ಟು ಬಂತು. ಸತ್ತವರ ಮನೆಯಲ್ಲಿ ಇದೆಂಥ ನಗು? ಅವಳ ಉಸಿರಿನಲ್ಲೇ ಅದನ್ನು ಗುರುತಿಸಿದವಳಂತೆ ವಕೀಲೆ ಅವಳ ಕೈ ಹಿಡಿದುಕೊಂಡಳು.

"ಕ್ಷಮಿಸಮ್ಮಾ. ಆ ಪ್ರಶ್ನೆ ಕೇಳೋರು ಯಾರು?"

"ನನ್ನ ಸೋದರಮಾವ."

"ಅವರನ್ನ ನಾವು ಇವತ್ತೇ ಭೇಟಿ ಆಗ್ತಿರೋದು. ಆದ್ರೆ ಎಷ್ಟೋ ವರ್ಷದಿಂದ ಅವರ ದನೀಲೇ ಪ್ರಶ್ನೆಗಳನ್ನ ಕೇಳಿದೀವಿ. ನಿಮ್ಮಪ್ಪನ ಪುಸ್ತಕದಲ್ಲಿ ಅಭ್ಯಾಸದ ಪ್ರಶ್ನೆ ಅಂದ್ರೆ ಇವರೇ. ಚಿತ್ರ, ನಕ್ಷೆ ಬಂದ್ರೆ ಕ್ಯಾಂಟೀನಿನವರು: 'ಎಡಗಡೆ ಮೇಲಿಂದ ಒಂದು ಗೆರೆ ಇಳೀತಾ ಇದೆ, ಕೈ ಹಿಡ್ಕೋ, ಜಾರ್ಬೇಡ!' ಅಡಿಟಿಪ್ಪಣಿ ಅಂದ್ರೆ ಪ್ರಾಂಶುಪಾಲರು."

"ಅಪ್ಪ ಮಿಮಿಕ್ರಿ ಮಾಡ್ತಿದ್ರಾ?" ಮಗಳಿಗೆ ನಂಬಿಕೆ ಬರಲಿಲ್ಲ. "ಮನೇಲಿ ಮಿಮಿಕ್ರಿ ಮಾಡೋದು ಅಮ್ಮ. ಅಪ್ಪ ಬಾಯಿ ಬಿಡ್ತಾನೇ ಇರಲಿಲ್ಲ."

"ಬಿಡ್ತಿದ್ರು. ಎಲ್ಲರದ್ದೂ ಬಿಡ್ತಿದ್ರು."

ಆಗಲೇ ಒಳಗೆ ಬಂದು ಕೂತಿದ್ದ ನಿವೃತ್ತ ಪ್ರಾಂಶುಪಾಲರು ಈ ಮಾತನ್ನೆಲ್ಲ ಕೇಳಿಸಿಕೊಂಡರು. ಒಣ ಕೆಮ್ಮು ಕೆಮ್ಮಿ, ಮೂಗಿನಿಂದ ಅಂದರು: "ಹೌದು, ನಾನೇ ಅಡಿಟಿಪ್ಪಣಿ. ನನಗೆ ಗೊತ್ತಾಗಿದ್ದು ನಿವೃತ್ತಿಗೆ ಸ್ವಲ್ಪ ಮೊದಲು. ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ಶಿಸ್ತಿನ ಬಗ್ಗೆ ದೊಡ್ಡ ಭಾಷಣ ಕೊಟ್ಟೆ. ಅವನು ಎಲ್ಲಾ ಕೇಳಿ, 'ಸರಿ ಸರ್, ಇನ್ನು ಮುಖ್ಯ ವಿಷಯಕ್ಕೆ ಬನ್ನಿ' ಅಂದ!"

ಈ ಸಲ ಜಗಲಿಯ ನಗುವಿಗೆ ಅಡ್ಡಿಯೇ ಇರಲಿಲ್ಲ. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿದರು. "ಓದಪ್ಪನನ್ನ ಕರೆಸಿ ಜೋರು ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಆ ವರ್ಷದ ಫಲಿತಾಂಶ ಬಂತು. ಇವರಲ್ಲಿ ಒಬ್ಬರೂ ನಪಾಸಿಲ್ಲ. ಜೋರು ಮಾಡೋ ಬದಲು ಇನ್ನೂ ಸ್ವಲ್ಪ ಚೆನ್ನಾಗಿ ಕೆಮ್ಮೋಕೆ ಶುರು ಮಾಡಿದೆ. ನಾಲ್ಕು ಜನಕ್ಕೆ ಉಪಯೋಗ ಆಗೋದಾದ್ರೆ ಆಗಲಿ ಅಂತ."

"ಈಗೆಲ್ಲ ಮೊಬೈಲೇ ಓದುತ್ತಲ್ಲ?" ಎಂದು ತಮ್ಮ ಕೇಳಿದ. "ಮತ್ತೆ ಭಾವ ಯಾಕೆ ಓದ್ತಿದ್ರು?"

"ಮೊಬೈಲು ಓದುತ್ತೆ ಸರ್," ಎಂದಳು ಗೋಡೆಗೆ ಒರಗಿದ್ದ ಸಣ್ಣ ಹುಡುಗಿ. ಮೊದಲ ವರ್ಷದವಳು, ಕತ್ತಿನಲ್ಲಿ ಇಯರ್‌ಫೋನು, ಬಗಲಲ್ಲಿ ಬ್ರೈಲ್ ಸ್ಲೇಟಿನ ಚೀಲ. "ಒಳ್ಳೆ ಪುಸ್ತಕ ಕೊಟ್ರೆ ಚೆನ್ನಾಗೇ ಓದುತ್ತೆ. ನಮ್ಮ ಪುಸ್ತಕ ಜೆರಾಕ್ಸಿನ ಜೆರಾಕ್ಸು. ಅದನ್ನ ಓದ್ಸಿದ್ರೆ ಜ್ವರ ಬಂದವರ ಹಾಗೆ ಬಡಬಡಿಸುತ್ತೆ. ನಕ್ಷೆ ಬಂದ್ರೆ 'ಚಿತ್ರ' ಅಂತ ಹೇಳಿ ಸುಮ್ಮನಾಗುತ್ತೆ. ಏನು ಚಿತ್ರ ಅಂತ ಅದರಪ್ಪನಾಣೆಗೂ ಹೇಳಲ್ಲ." ಆಮೇಲೆ ವಕೀಲೆಯ ಕಡೆ ಬಾಗಿ, ದನಿ ತಗ್ಗಿಸಿ ಅಂದಳು: "ಅಕ್ಕಾ, ಎಂಟನೇ ಅಧ್ಯಾಯ ಅರ್ಧಕ್ಕೆ ನಿಂತಿದೆ. ಸೋಮವಾರ ಪರೀಕ್ಷೆ."

"ಶ್! ಇವತ್ತು ಅದನ್ನ ಕೇಳೋ ದಿನಾನಾ?"

"ನಾನೆಲ್ಲಿ ಕೇಳ್ದೆ? ನಿಮಗೆ ಹೇಳಿದೆ ಅಷ್ಟೆ. ಮೊನ್ನೆ ಸಂಜೆ ಅರ್ಧ ಕಳಿಸಿದ್ರು. ಕೊನೇಲಿ 'ಸ್ವಲ್ಪ ಇರು, ನೀರು ಕುಡಿದು ಬರ್ತೀನಿ' ಅಂದಿದಾರೆ. ಅಲ್ಲಿಗೇ ನಿಂತಿದೆ."

ಪ್ರಾಂಶುಪಾಲರು ಬಂದ ಕೆಮ್ಮನ್ನು ನುಂಗಿಕೊಂಡರು.

ವಕೀಲೆ ಮಗಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಒಂದು ಕೇಳ್ಬೇಕಿತ್ತಮ್ಮ. ಎಲ್ಲರೂ ಅವರ ಮುಖ ನೋಡಿ ಬರ್ತಿದಾರೆ. ನಮಗೆ ಆ ಮುಖ ಯಾವತ್ತೂ ಇರಲಿಲ್ಲ. ನಮಗೆ ಅವರು ಅಂದ್ರೆ ದನಿ. ಅವರನ್ನ ಕರ್ಕೊಂಡು ಹೋಗೋ ಮೊದಲು ಒಂದು ಸ್ವಲ್ಪ, ಒಂದೇ ಪುಟ, ಇಲ್ಲಿ ಹಾಕಿ ಕೇಳಬಹುದಾ? ಅದರಲ್ಲಿ ಇನ್ನೂ ಒಬ್ಬರಿದಾರೆ, ಅವರು ಯಾರು ಅಂತ ನಮಗೆ ಇವತ್ತಿಗೂ..."

"ಅಮ್ಮನ್ನ ಕೇಳಿ ಬರ್ತೀನಿ," ಎಂದು ಮಗಳು ಒಳಗೆ ಹೋದಳು.

ಮಂಚದ ಮೇಲೆ ಕೂತಿದ್ದ ಹೆಂಡತಿ ಕಪಾಟಿನ ಕಡೆ ನೋಡುತ್ತಲೇ ತಲೆ ಅಲ್ಲಾಡಿಸಿದಳು. "ಬೇಡ," ಎಂದಳು ಮೆಲ್ಲಗೆ. "ಅವರಿಗೆಲ್ಲ ಅಷ್ಟು ವರ್ಷ ಸಿಕ್ಕಿದೆ ಅದು. ಇವತ್ತೊಂದು ದಿನ ನನ್ನ ಮನೆ ಸುಮ್ಮನಿರಲಿ. ನನಗೆ ಅವರು ಹೇಗಿದ್ರೋ ಹಾಗೇ."

*

ಮದುವೆಯ ಹೊಸತರಲ್ಲಿ ಅಣಕಿಸುವುದು ಆಕೆಯ ಹಕ್ಕಾಗಿತ್ತು. ನೆಂಟರು ಬಂದು ಹೋದ ಮೇಲೆ ಒಬ್ಬೊಬ್ಬರನ್ನೇ ಗಂಟಲಿಗೆ ಕರೆದು ಆಡಿಸುತ್ತಿದ್ದಳು. ಅವನು ಕುರ್ಚಿಯ ತೋಳು ಹಿಡಿದುಕೊಂಡು ಸದ್ದಿಲ್ಲದೆ, ಕಣ್ಣೀರು ಬರುವ ಹಾಗೆ ನಗುತ್ತಿದ್ದ. ಆಮೇಲೆ ಮಗಳಾದಳು, ಕೆಲಸ ಹೆಚ್ಚಿತು, ನೆಂಟರು ಕಡಿಮೆಯಾದರು. ಆಕೆಯ ಮಾತು ಬೆಳಗಿನ ಬಾಗಿಲಿಗೆ ಸೀಮಿತವಾಯಿತು: "ಛತ್ರಿ ತಗೊಂಡ್ರಾ? ಕನ್ನಡಕ? ಬೀಗದ ಕೈ?" ಅವನಿಗೆ ವಿಪರೀತ ಮರೆವು. ಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಎಲ್ಲಿಟ್ಟೆನೆಂದು ಹೇಳಲಾರ.

ಕಪಾಟಿನ ಬಾಗಿಲು ಮುಚ್ಚಿದರೆ ಹೊರಗೆ ಗುಂಯ್‌ಗುಡುವುದು ಮಾತ್ರ ಕೇಳುತ್ತಿತ್ತು, ಡಬ್ಬಿಯಲ್ಲಿ ಹಾಕಿದ ಜೇನುಹುಳದಂತೆ. ಅಲ್ಲಿ ಯಾರೊಂದಿಗೆ ಇಷ್ಟು ಮಾತು ಎಂದು ಒಂದು ಸಂಜೆ ಆಕೆ ಬಾಗಿಲನ್ನು ಧಡಕ್ಕನೆ ತೆರೆದಳು.

ಅವನು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಬೆರಳು ಮೇಲೆತ್ತಿ ಯಾರಿಗೋ ತಾಕೀತು ಮಾಡುವ ಭಂಗಿ. ಆಕೆಯನ್ನು ಕಂಡದ್ದೇ ಬಾಯಿ ಮುಚ್ಚಿದ. ಬೆರಳು ಮಡಚಿಕೊಂಡ. ಕಿವಿಯವರೆಗೆ ಕೆಂಪಾದ.

"ಏನು ಓದ್ತಿದ್ರಿ?"

"ಏನಿಲ್ಲ."

"ನನ್ನೆದುರು ಓದ್ಬಾರದಾ?"

"ಹ್ಞಾಂ... ಹಾಗಲ್ಲ."

ಹಾಗಲ್ಲದಿದ್ದರೆ ಹೇಗೆಂದು ಅವನು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಬಾಗಿಲನ್ನು ಎಷ್ಟು ಮೆಲ್ಲಗೆ ಮುಚ್ಚಿದಳೆಂದರೆ ಬಡಿದಿದ್ದರೇ ವಾಸಿಯಿತ್ತು. ಅಂದಿನಿಂದ ಅವನು ಒಳಗಿರುವಾಗ ಆಕೆ ಎಂದೂ ಕಪಾಟು ತೆರೆದವಳಲ್ಲ. ಮಳೆ ಬರುವ ಹಾಗಿದ್ದರೂ ಕೋಟಿಲ್ಲದೆ ಹೋಗುತ್ತಿದ್ದಳು.

*

ನಾಲ್ಕಕ್ಕೆ ಗಾಡಿ ಬಂತು. ಶವಪೆಟ್ಟಿಗೆಯನ್ನು ಎತ್ತುವಾಗ ಯಾರು ಎಲ್ಲಿ ನಿಲ್ಲಬೇಕೆಂಬುದು ಯಾರಿಗೂ ತಿಳಿಯಲಿಲ್ಲ. ಮೂಲೆಗೆ ಒರಗಿಸಿದ್ದ ಬಿಳಿ ಕೋಲುಗಳೆಲ್ಲ ದಡದಡನೆ ಬಿದ್ದು ಒಂದಕ್ಕೊಂದು ಬೆರೆತುಹೋದವು. ಎಲ್ಲವೂ ಬಿಳಿಯೇ, ಉದ್ದ ಮಾತ್ರ ಬೇರೆ. "ನನ್ನದು ಯಾವುದು? ನಿನ್ನದು ನನ್ನ ಹತ್ರ ಇದೆಯಾ?" ಎಂದು ಎಲ್ಲರೂ ಕೋಲನ್ನು ಎದೆಗೆ ಹಿಡಿದು ಅಳೆಯತೊಡಗಿದರು. ನಡುವೆ ತಮ್ಮನ ದನಿ: "ಯಾರು ಯಾವ ಕಾರಲ್ಲಿ? ಮುಂದೆ ಯಾರು? ಹಿಂದೆ ಯಾರು? ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದು ಯಾರು?"

ಒಳಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಹೆಂಡತಿ ಹೊಸ್ತಿಲಲ್ಲಿ ನಿಂತಳು. ಬೆನ್ನು ನೆಟ್ಟಗೆ, ಬೆರಳು ಮೇಲೆ.

"ಎಲ್ಲರೂ ನಿಂತ ಜಾಗದಲ್ಲೇ ನಿಲ್ಲಿ. ಇನ್ನೊಂದ್ಸಲ ಹೇಳ್ತೀನಿ, ಆಮೇಲೆ ನನ್ನ ಕೇಳ್ಬೇಡಿ."

ಬಿದ್ದ ಕೋಲು ಬಿದ್ದಲ್ಲೇ ಉಳಿಯಿತು. ಆಮೇಲೆ ಜಿಪ್ಪುಗಳು ಸರಿದ ಸದ್ದು. ಮೊದಲ ವರ್ಷದ ಹುಡುಗಿ ಚೀಲದಿಂದ ಬ್ರೈಲ್ ಸ್ಲೇಟು ತೆಗೆದು, ಕಾಗದ ಸಿಕ್ಕಿಸಿ, ಚುಚ್ಚುವ ಕಡ್ಡಿಯನ್ನು ಹಿಡಿದು ಸಿದ್ಧಳಾದಳು. ಅವಳ ಪಕ್ಕದವನೂ ತೆಗೆದ. ಕಾಲೇಜು ಬಿಟ್ಟು ಎಷ್ಟೋ ಕಾಲವಾಗಿದ್ದ ಬ್ಯಾಂಕಿನ ಅಧಿಕಾರಿ ಇಲ್ಲದ ಸ್ಲೇಟಿಗಾಗಿ ಜೇಬು ತಡಕಿದ. ವಕೀಲೆಯ ಕೈ ಕೂಡ ಚೀಲದೊಳಗೆ ಹೋಗಿ ನಿಂತುಬಿಟ್ಟಿತ್ತು. ಎಲ್ಲರ ಮುಖವೂ ಆಕೆಯ ಕಡೆ ತಿರುಗಿತ್ತು.

"ಏನಿದು?" ಎಂದಳು ಆಕೆ. "ನಾನು ಹೇಳ್ತಿರೋದು ಕಾರಿನ ವಿಷಯ. ಅದರಲ್ಲಿ ಬರ್ಕೊಳ್ಳೋಕೆ ಏನಿದೆ?"

"ಮುಖ್ಯಮ್ಮ!" ಎಂದಳು ಸಣ್ಣ ಹುಡುಗಿ. "ಅಕ್ಕಾ, ಮುಖ್ಯಮ್ಮ ನಿಜವಾಗ್ಲೂ ಇದಾರೆ!"

"ಯಾರು?"

ವಕೀಲೆ ದನಿಯ ದಿಕ್ಕಿಗೆ ಎರಡು ಹೆಜ್ಜೆ ಮುಂದೆ ಬಂದಳು. "ಅಮ್ಮಾ, ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತಲ್ಲ, ವ್ಯಾಖ್ಯೆ, ಸೂತ್ರ, ಮರೀಲೇಬಾರದ್ದು, ಅದೆಲ್ಲ ಒಂದೇ ಒಂದು ದನೀಲಿ ಬರೋದು. ನೀವು ಈಗ ಅಂದ್ರಲ್ಲ, ಅದೇ ಮಾತಿಂದ ಶುರುವಾಗೋದು. ಅದು ಬಂದ್ರೆ ಸ್ಲೇಟು ತೆಗೀಬೇಕು, ಅಷ್ಟೆ. ಯಾರ ದನಿ ಅಂತ ಎಷ್ಟು ಕೇಳಿದ್ರೂ ಓದಪ್ಪ ಸರ್ ಹೇಳಲಿಲ್ಲ. ಮುಖ್ಯ ಅಮ್ಮ ಅಂತ ನಾವೇ ಹೆಸರಿಟ್ವಿ."

"ನಾನು ದಪ್ಪ ಅಕ್ಷರಾನಾ?" ಎಂದಳು ಹೆಂಡತಿ.

ಮೊದಲ ಸಲ ತಮ್ಮನಿಗೆ ಪ್ರಶ್ನೆ ಹುಟ್ಟಲಿಲ್ಲ.

ಸಣ್ಣ ಹುಡುಗಿ ಕತ್ತಿನಲ್ಲಿದ್ದ ಇಯರ್‌ಫೋನನ್ನು ಬಿಚ್ಚಿ ಮುಂದೆ ಚಾಚಿದಳು. ಆಕೆ ತೆಗೆದುಕೊಂಡಳು. ಒಂದನ್ನು ತನ್ನ ಕಿವಿಗೆ ಇಟ್ಟು, ಇನ್ನೊಂದನ್ನು ಮಗಳಿಗೆ ಕೊಟ್ಟಳು.

ಮೊದಲು ಅವನು. ತಗ್ಗಿನಲ್ಲಿ, ನಿಧಾನವಾಗಿ, ಒಂದು ಕಾರ್ಖಾನೆಯ ಯಂತ್ರಗಳ ಬಗ್ಗೆ. ಆಮೇಲೆ ಸಣ್ಣ ವಿರಾಮ. ಸ್ಟೂಲು ಕಿರ್ ಎಂದ ಸದ್ದು. ಬೆನ್ನು ನೆಟ್ಟಗೆ ಮಾಡಿಕೊಂಡಿರಬೇಕು.

"ಇನ್ನೊಂದ್ಸಲ ಹೇಳ್ತೀನಿ, ಆಮೇಲೆ ನನ್ನ ಕೇಳ್ಬೇಡಿ. ಬಳಕೆಯಿಂದಲೂ ಕಾಲ ಕಳೆದಂತೆಯೂ ಸ್ವತ್ತಿನ ಮೌಲ್ಯದಲ್ಲಿ ಆಗುವ ಇಳಿಕೆಗೆ ಸವಕಳಿ ಎಂದು ಹೆಸರು. ಬರ್ಕೊಂಡ್ರಾ? ಛತ್ರಿ ಮರೆತ ಹಾಗೆ ಇದನ್ನ ಮರೀಬೇಡಿ."

ಆಕೆ ಕಣ್ಣು ಮಿಟುಕಿಸಲಿಲ್ಲ. "ನಾನು ಇಷ್ಟು ಕೀರಲಾ?" ಎಂದು ಮಗಳನ್ನು ಕೇಳಿದಳು.

"ಅಪ್ಪ ಸ್ವಲ್ಪ ಕಮ್ಮಿ ಮಾಡಿದಾರೆ," ಎಂದಳು ಮಗಳು.

ನಗು ಮೊದಲು ಬಂತು, ಆಮೇಲೆ ಉಳಿದದ್ದು. ಆಕೆ ಬಾಗಿಲ ಚೌಕಟ್ಟಿಗೆ ಒರಗಿ ತೋಳಿನಿಂದ ಮುಖ ಒತ್ತಿಕೊಂಡಳು. ಇಯರ್‌ಫೋನು ಮಾತ್ರ ಕಿವಿಯಲ್ಲೇ ಇತ್ತು.

"ನಾನು ಕಪಾಟು ತೆಗೆದಾಗ ಬಾಯಿ ಮುಚ್ಕೊಂಡ್ರು," ಎಂದಳು, ಯಾರಿಗೂ ಅಲ್ಲದೆ. "ಬೆರಳು ಹೀಗೆ ಎತ್ತಿದ್ರು. ಒಳಗೆ ನಾನೇ ಇದ್ದೆ."

ಪೆಟ್ಟಿಗೆಯವರು ಹೊತ್ತಾಯಿತೆಂದು ಬಾಗಿಲಲ್ಲಿ ಕಾಲು ಬದಲಿಸಿದರು. ಆಕೆ ಮುಖ ಒರೆಸಿಕೊಂಡು, ಕಿವಿಯಿಂದ ಇಯರ್‌ಫೋನು ತೆಗೆದು, ಹುಡುಗಿಗೆ ವಾಪಸು ಕೊಡುವಾಗ ಅಂದಳು: "ಜೋರಾಗಿ ಹಾಕು. ಇವರೆಲ್ಲ ಕೇಳ್ಲಿ. ಒಂದು ಪುಟ ಅಂದಿರಲ್ಲ, ಅಡಿಟಿಪ್ಪಣಿ ಇರೋ ಪುಟ ಹಾಕು. ಪ್ರಾಂಶುಪಾಲರು ಇಷ್ಟು ದೂರ ಬಂದಿದಾರೆ."

*

ಮಣ್ಣು ಮಾಡುವ ಜಾಗದಲ್ಲಿ ಭಾಷಣ ಬೇಡವೆಂದು ಎಲ್ಲರೂ ಒಪ್ಪಿದ್ದರು. ಪ್ರಾಂಶುಪಾಲರು ಕೆಮ್ಮಿದ್ದಷ್ಟೇ ಆಯಿತು. ಗುಂಡಿಯ ಅಂಚಿನಲ್ಲಿ ದಂಡು ನಿಂತಿತ್ತು. ಹಗ್ಗ ಉಜ್ಜುವ ಸದ್ದು ಬಂದಾಗ ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು: "ಈಗ ಏನಾಗ್ತಿದೆ?"

ಕಣ್ಣಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

"ಇಳಿಸ್ತಿದಾರೆ," ಎಂದಳು ಹೆಂಡತಿ. "ನಾಲ್ಕು ಜನ ಹಗ್ಗ ಹಿಡ್ಕೊಂಡಿದಾರೆ. ಎಡಗಡೆ ಸ್ವಲ್ಪ ವಾಲ್ತು, ಈಗ ಸರಿಹೋಯ್ತು. ಮೇಲೆ ಹೂವಿದೆ, ಬಿಳೀದು. ಒಂದು ಹ್ಞಾಂ... ಒಂದು ಜಾರಿ ಪಕ್ಕಕ್ಕೆ ಬಿತ್ತು. ತಳ ಮುಟ್ಟಿತು."

ಕೋಲುಗಳ ತುದಿಗಳೆಲ್ಲ ಒಟ್ಟಿಗೆ ನೆಲಕ್ಕೆ ಊರಿದವು.

ವಾಪಸು ನಡೆಯುವಾಗ ಆಕೆಯ ಮೊಣಕೈ ಹಿಡಿದುಕೊಂಡಿದ್ದವಳು ಆ ಸಣ್ಣ ಹುಡುಗಿ. ಕಲ್ಲು ಬಂದರೆ ಕಲ್ಲು, ಮೆಟ್ಟಿಲು ಬಂದರೆ ಮೆಟ್ಟಿಲು ಎಂದು ಹೇಳುತ್ತ ಆಕೆ ನಡೆಸಿಕೊಂಡು ಹೋದಳು.

"ಎಂಟನೇ ಅಧ್ಯಾಯ ಅರ್ಧಕ್ಕೆ ನಿಂತಿದೆ ಅಂತ ಮಗಳು ಹೇಳಿದ್ಲು. ನಾನು ಓದ್ಲಾ?"

ಹುಡುಗಿ ಮೊಣಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ನೀವು ಓದಿದ್ರೆ ಪುಸ್ತಕ ಪೂರ್ತಿ ದಪ್ಪ ಅಕ್ಷರ ಆಗಿಬಿಡುತ್ತೆ. ಸಾಲು ಸಾಲಿಗೂ ಸ್ಲೇಟು ತೆಗೆದು ನನ್ನ ಕೈ ಬಿದ್ದುಹೋಗುತ್ತೆ."

"ಅದೂ ಸರಿ," ಎಂದಳು ಆಕೆ. "ಕಾಲು ಎತ್ತಿಡು. ಇಲ್ಲೊಂದು ಬೇರಿದೆ."

*

ಮನೆಗೆ ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಆಕೆ ಕೈಕಾಲು ತೊಳೆದುಕೊಂಡು ಬಂದವಳೇ ತಮ್ಮನನ್ನು ಕರೆದಳು.

"ಆ ಮೈಕಿನ ವಯರು ಸರಿ ಮಾಡಿಕೊಡು."

"ಯಾಕೆ? ಯಾವಾಗ? ಯಾರಿಗೆ?"

"ಬೇಕಾದ ಒಂದಕ್ಕೆ ಉತ್ತರ ಹೇಳ್ತೀನಿ. ಈಗ."

ವಯರು ತುಂಡಾಗಿರಲಿಲ್ಲ, ಪಿನ್ನು ಕಳಚಿಕೊಂಡಿತ್ತು ಅಷ್ಟೆ. ತಮ್ಮ ಅದನ್ನು ಸಿಕ್ಕಿಸಿ, ಕಾಲುಚೀಲವನ್ನು ಎಳೆದು ನೇರ ಮಾಡಿದ. ಹಲಗೆಯ ಮೇಲೆ ಪುಸ್ತಕ ಇನ್ನೂ ಬೋರಲಾಗಿ ಬಿದ್ದಿತ್ತು, ಓದಪ್ಪ ಎದ್ದುಹೋದ ಪುಟಕ್ಕೆ. ಹೆಂಡತಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದಳು. ತನ್ನ ಕೋಟುಗಳನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತು, ಒಳಗಿನಿಂದ ಬಾಗಿಲೆಳೆದುಕೊಂಡಳು. ಅದು ಪೂರ್ತಿ ಮುಚ್ಚಲಿಲ್ಲ.

ಮಗಳು ಮಂಚದ ಮೇಲೆ ಕೂತು ಕಾದಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಣ ಕೆಮ್ಮೊಂದು ಕೇಳಿತು, ಮೂಗಿನದು. ಅದು ಸರಿಬರಲಿಲ್ಲವೆಂದು ಇನ್ನೊಂದು. ಪರವಾಗಿಲ್ಲ, ಪ್ರಾಂಶುಪಾಲರು ಬಂದರು. ನೀರು ಗುಟುಕರಿಸಿದ ಸದ್ದು. ಲೋಟವನ್ನು ಹಲಗೆಯ ಮೇಲಿಟ್ಟ ಸದ್ದು. ಗಲ್ಲವನ್ನು ಎದೆಗೆ ಒತ್ತಿಕೊಂಡಿರಬೇಕು. ಗಂಟಲನ್ನು ಸ್ವಲ್ಪ ಕೆರೆದುಕೊಂಡದ್ದು ಕೇಳಿಸಿತು.

"ಹ್ಞಾಂ... ನೀರು ಕುಡಿದಾಯ್ತು. ಎಲ್ಲಿದ್ವಿ?"

ಪುಟ ತಿರುಗಿತು. ಬಾವಿಯ ತಳದ ಆ ದನಿ, ತಗ್ಗಿನಲ್ಲಿ, ನಿಧಾನವಾಗಿ ಓದತೊಡಗಿತು. ಬಾಗಿಲ ಸಂದಿಯಲ್ಲಿ ಆಕೆಯ ಕೋಟಿನ ತೋಳೊಂದು ಸಿಕ್ಕಿಕೊಂಡು ಹೊರಗೆ ಇಣುಕುತ್ತಿತ್ತು. ಒಳಗೆ ಪುಟ ತಿರುಗಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಅಲುಗುತ್ತಿತ್ತು.